ಕಲಿಸಿಕೊಟ್ಟ ಉತ್ತರ

"ನಿನ್ನ ಹೆಸರೇನು ಪುಟ್ಟಾ?" ಎಂದು ಡಾಕ್ಟರು ಕೇಳಿದರು.

ಮೇಘನಾ ಮಗಳ ಕಡೆ ನೋಡಿದಳು. ಮಗಳು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಮೇಘನಾಳ ಮಾವ ಗವಿಸಿದ್ದಯ್ಯನವರು ಮೊಮ್ಮಗಳ ಭುಜವನ್ನು ಒಂದು ಬೆರಳಿನಿಂದ ಮೆಲ್ಲಗೆ ತಟ್ಟಿದರು.

"ಚೈತನ್ಯ," ಎಂದಳು ಹುಡುಗಿ, ಫ್ಯಾನಿನಿಂದ ಕಣ್ಣು ಕೀಳದೆ.

"ಅಪ್ಪನ ಹೆಸರು?"

"ರುದ್ರಪ್ರಸಾದ್."

"ಯಾವ ಊರು ನಿಂದು?"

"ಕೋಡಿಹಳ್ಳಿ."

"ಅಬ್ಬಬ್ಬಾ, ಎಷ್ಟು ಜಾಣೆ ಇವಳು!" ಎಂದು ಡಾಕ್ಟರು ನಕ್ಕರು. ಚೈತನ್ಯಳಿಗೆ ಎಂಟು ವರ್ಷ. ಮನೆಯವರಲ್ಲದೆ ಬೇರೆ ಒಬ್ಬರು ಅವಳನ್ನು ಜಾಣೆ ಎಂದು ಕರೆದದ್ದು ಅದೇ ಮೊದಲು.

ಅಂಗವಿಕಲರ ಕಾರ್ಡಿಗಾಗಿ ತಪಾಸಣೆ ಮಾಡುವ ಶಿಬಿರ ಅದು. ರಾಮನಗರದ ಒಂದು ಸಮುದಾಯ ಭವನದಲ್ಲಿ ಬೆಳಗಿನಿಂದ ಜನ ಕಿಕ್ಕಿರಿದಿದ್ದರು. ಊರುಗೋಲು ಹಿಡಿದವರು, ಕಣ್ಣು ಕಾಣದವರು, ದೊಡ್ಡ ಮಕ್ಕಳನ್ನೂ ಹೆಗಲ ಮೇಲೆ ಮಲಗಿಸಿಕೊಂಡ ತಾಯಂದಿರು, ಮಾಗಡಿ ಚನ್ನಪಟ್ಟಣಗಳಿಂದ ಮೊದಲ ಬಸ್ಸಿಗೇ ಹೊರಟು ಬಂದವರು. ಮದುವೆಯೂಟದ ಟೇಬಲ್ಲುಗಳನ್ನೇ ಸಾಲಾಗಿ ಹಾಕಿ ಡಾಕ್ಟರುಗಳನ್ನು ಕೂರಿಸಿದ್ದರು. ಇವರ ಪಾಲಿಗೆ ಬಂದ ಡಾಕ್ಟರು ಕೆಟ್ಟ ಮನುಷ್ಯನೇನಲ್ಲ. ಮಧ್ಯಾಹ್ನ ಕಳೆದಿದ್ದರೂ ಪಾಪ, ಅವರಿಗಿನ್ನೂ ಊಟವಾಗಿರಲಿಲ್ಲ.

"ಊಟ ತಾನೇ ಮಾಡ್ತಾಳಾ? ಬಟ್ಟೆ ಹಾಕ್ಕೋತಾಳಾ? ಹಠ ಗಿಠ?" ಎಂದು ಅವರು ಮೇಘನಾಳನ್ನು ಕೇಳಿದರು.

ಉತ್ತರ ಬಂದದ್ದು ಗವಿಸಿದ್ದಯ್ಯನವರಿಂದ. "ಎಲ್ಲಾನೂ ಮಾಡ್ತಾಳೆ ಸಾ. ಏನೂ ತೊಂದ್ರೆ ಇಲ್ಲ. ಮಾತೊಂದು ಒಸಿ ನಿಧಾನ, ಅಷ್ಟೇಯ."

ಒಸಿ ನಿಧಾನ! ಅನ್ನ ಮೊಸರು ಬಿಟ್ಟು ಬೇರೇನಾದರೂ ತಟ್ಟೆಯಲ್ಲಿ ಕಂಡರೆ ಗೋಡೆಗೆ ಎಸೆಯುವವಳು, ಬಾಗಿಲು ತೆರೆದಿದ್ದರೆ ಲಾರಿ ಬರುವ ರಸ್ತೆಗೆ ಓಡುವವಳು, ಕುಕ್ಕರು ಸೀಟಿ ಹೊಡೆದರೆ ತನ್ನ ಮಣಿಕಟ್ಟನ್ನು ತಾನೇ ಕಚ್ಚಿ ರಕ್ತ ಬರಿಸಿಕೊಳ್ಳುವವಳು. ಬಚ್ಚಲಿಗೆ ಹೋಗಬೇಕೆಂದು ಇನ್ನೂ ಬಾಯಿಬಿಟ್ಟು ಹೇಳಲಾರಳು. ಇದನ್ನೆಲ್ಲ ಹೇಳಲೆಂದೇ ಮೇಘನಾ ಎರಡು ದಿನದಿಂದ ಮನಸ್ಸಿನಲ್ಲೇ ಉರು ಹೊಡೆದು ಬಂದಿದ್ದಳು. ಮಗಳು ಆಗಷ್ಟೇ ಸೇರಿದ್ದ ವಿಶೇಷ ಶಾಲೆಯ ಭಾನುಪ್ರಿಯ ಮೇಡಂ ಕೂಡ ಒತ್ತಿ ಹೇಳಿದ್ದರು: "ಅವಳು ಹೇಗಿದ್ದಾಳೋ ಹಾಗೇ ತೋರಿಸಿ. ಏನನ್ನೂ ಮುಚ್ಚಿಡಬೇಡಿ."

ಆ ಮೂರು ಉತ್ತರಗಳ ಗುಟ್ಟೂ ಮೇಘನಾಳಿಗೆ ಗೊತ್ತಿತ್ತು. ಕೋಡಿಹಳ್ಳಿಯಲ್ಲಿ ಅವರದು ಹಿಟ್ಟಿನ ಗಿರಣಿ. ರಾಗಿ ಬೀಸಿಸಲು ಬಂದವರು ಸರದಿ ಬರುವ ತನಕ ಜಗಲಿಯ ಮೇಲೆ ಕೂತು, ಎದುರಿಗೆ ಕಂಡ ಮಗುವನ್ನು ಮಾತಾಡಿಸುವುದು ವಾಡಿಕೆ. ನಿನ್ನ ಹೆಸರೇನವ್ವ, ಅಪ್ಪನ ಹೆಸರೇನವ್ವ, ಯಾವೂರವ್ವ ನಿಂದು. ಮಗು ತಿರುಗಿಯೂ ನೋಡುತ್ತಿರಲಿಲ್ಲ. "ಕಿವಿ ಕೇಳಾಕಿಲ್ವಾ ಅಯ್ನೋರೇ?" ಎಂದು ಅವರು ಅಜ್ಜನನ್ನು ಕೇಳುವರು. ಆ ಒಂದು ಮಾತಿಗೆ ಕುಗ್ಗಿಹೋಗಿ ಗವಿಸಿದ್ದಯ್ಯನವರು ಹಠ ತೊಟ್ಟು, ಜೇಬಿನ ತುಂಬ ಹುರಿಗಡಲೆ ಇಟ್ಟುಕೊಂಡು, ವರ್ಷವಿಡೀ ಕೂತು ಆ ಮೂರು ಉತ್ತರ ಕಲಿಸಿದ್ದರು. ಚೈತನ್ಯ ಕಲಿತದ್ದು ಉತ್ತರಗಳನ್ನಲ್ಲ, ಅವುಗಳ ಸಾಲನ್ನು. ಮೊದಲು ಊರು ಕೇಳಿದರೂ ಅವಳು ಹೇಳುವುದು "ಚೈತನ್ಯ" ಎಂದೇ.

"ಸಾರ್, ಮೊದ್ಲು ಊರು ಕೇಳಿ ನೋಡಿ," ಎಂದು ಮೇಘನಾ ಆಗ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಹೇಳಲಿಲ್ಲ. ಯಾಕೆಂದರೆ ಅವಳಿಗೆ ಖುಷಿಯಾಗಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದೇಕೆ, ಅವಳಿಗೆ ತುಂಬ ಖುಷಿಯಾಗಿತ್ತು. ದೊಡ್ಡ ಡಾಕ್ಟರೊಬ್ಬರು ತನ್ನ ಮಗಳನ್ನು ಜಾಣೆ ಎಂದಿದ್ದರು, ಸಾಲಿನಲ್ಲಿ ನಿಂತಿದ್ದ ಹೆಂಗಸರು ಕತ್ತು ಉದ್ದ ಮಾಡಿ ಅವಳನ್ನು ನೋಡಿದ್ದರು. ಅಷ್ಟರಲ್ಲಿ ಡಾಕ್ಟರು ಬರೆದು ಮುಗಿಸಿ, ಮುಂದಿನವರನ್ನು ಕೂಗಿದ್ದರು.

ಈ ಕಾರ್ಡನ್ನು ನಂಬಿಕೊಂಡೇ ಇಡೀ ಸಂಸಾರ ರಾಮನಗರಕ್ಕೆ ಬಂದಿತ್ತು. ಊರಿನ ಶಾಲೆಯಲ್ಲಿ ಚೈತನ್ಯಳ ಹೆಸರು ಹಾಜರಿಯಲ್ಲಿತ್ತೇ ಹೊರತು ಅವಳನ್ನು ಕೂರಿಸಿಕೊಳ್ಳುವವರು ಇರಲಿಲ್ಲ. ರಾಮನಗರದಲ್ಲಿ ಒಂದು ಟ್ರಸ್ಟಿನವರು ಇಂಥ ಮಕ್ಕಳಿಗೆಂದೇ ಶಾಲೆ ನಡೆಸುತ್ತಾರೆ, ಮಾತು ಕಲಿಸುವವರಿದ್ದಾರೆ, ಒಂದೊಂದು ಮಗುವನ್ನೂ ಹಿಡಿದು ಕೂರಿಸಿ ಹೇಳಿಕೊಡುತ್ತಾರೆ ಎಂದು ಗೊತ್ತಾಗಿ, ಮೇಘನಾಳ ಗಂಡ ರುದ್ರಪ್ರಸಾದ್ ಹೋಗಿ ಕೇಳಿಕೊಂಡು ಬಂದ. ಜೂನಿಗೆ ಒಂದು ಸೀಟು ಖಾಲಿಯಾಗುತ್ತದೆ, ಸದ್ಯಕ್ಕೆ ಸೇರಿಸಿಕೊಳ್ಳುತ್ತೇವೆ, ಕಾರ್ಡು ಆಮೇಲೆ ತಂದುಕೊಡಿ ಎಂದರು. ಕಾರ್ಡಿನಲ್ಲಿ ಅಂಗವೈಕಲ್ಯ ನೂರಕ್ಕೆ ನಲವತ್ತಾದರೂ ಇರಬೇಕು ಎಂದೂ ಹೇಳಿದರು. ನಲವತ್ತೇನು, ನಮ್ಮ ಮಗುವಿಗೆ ಎಂಬತ್ತು ಕೊಟ್ಟರೂ ಕಡಿಮೆಯೇ ಎಂದುಕೊಂಡು ರುದ್ರಪ್ರಸಾದ್ ಗಿರಣಿಯನ್ನು ಮಾರಿದ. ಊರ ಮನೆಯನ್ನು ಸೊಸೈಟಿಯ ಗುಮಾಸ್ತನ ಸಂಸಾರಕ್ಕೆ ಬಾಡಿಗೆಗೆ ಕೊಟ್ಟು, ಅಪ್ಪನನ್ನೂ ಕರೆದುಕೊಂಡು ಹೊರಟುಬಂದ.

ರಾಮನಗರದಲ್ಲಿ ಅವರಿಗೆ ಸುಲಭಕ್ಕೆ ಮನೆ ಸಿಗಲಿಲ್ಲ. ಲಿಂಗಾಯತರು, ಸಸ್ಯಾಹಾರಿಗಳು ಎಂದರೆ ಮನೆಯೊಡೆಯರ ಮುಖ ಅರಳುತ್ತಿತ್ತು. ಚೈತನ್ಯ ಒಮ್ಮೆ ಕಿರುಚಿದಳೆಂದರೆ ಅದೇ ಮನೆಯನ್ನು ನೆಂಟರಿಗೆ ಕೊಡುವುದಿದೆ ಎಂಬುದು ಅವರಿಗೆ ಥಟ್ಟನೆ ನೆನಪಾಗುತ್ತಿತ್ತು. ಕಡೆಗೆ ಮನೆ ಕೊಟ್ಟವರು ಅಸದುಲ್ಲಾ ಸಾಹೇಬರು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಫಿಲೇಚರು ಅವರದು. ಅದರ ಹಿಂಬದಿಯಲ್ಲೇ ಎರಡು ಕೋಣೆಯ ಮನೆ.

"ನೋಡಮ್ಮಾ, ನಮ್ ಮಿಷನ್ನು ಬೆಳಗ್ಗೆಯಿಂದ ಸಂಜೆ ತನಕ ಕೂಗ್ತದೆ. ಮಧ್ಯ ನಿಮ್ ಮಗು ಕೂಗಿದ್ರೆ ಯಾರಿಗೆ ಕೇಳ್ಸತ್ತೆ? ಬನ್ನಿ, ಆರಾಮಾಗಿರಿ," ಎಂದರು ಅವರು. ಗಿರಣಿ ನಡೆಸಿದವನು ಎಂದು ತಿಳಿದು ರುದ್ರಪ್ರಸಾದನಿಗೂ ಮೋಟಾರು, ಬಾಯ್ಲರು ನೋಡಿಕೊಳ್ಳುವ ಕೆಲಸ ಕೊಟ್ಟರು.

ಬೆಂದ ಹುಳುವಿನ ನಾತ ಬಟ್ಟೆಗೆ, ಹಾಸಿಗೆಗೆ, ಕುಡಿಯುವ ನೀರಿಗೂ ಹತ್ತಿದಂತಿತ್ತು. ಬೆಳಗಿನ ಶಿವಪೂಜೆಗೆ ಕೂತ ಗವಿಸಿದ್ದಯ್ಯನವರು ಮೂಗಿನ ಹತ್ತಿರವೇ ಊದುಬತ್ತಿ ಹಚ್ಚಿಟ್ಟುಕೊಳ್ಳುವರು. ಆದರೆ ದೂರಲಿಲ್ಲ. "ಮಗೀಗೆ ಒಳ್ಳೇದಾಗೋದಾದ್ರೆ ಇನ್ನೇನು ಬುಡವ್ವ," ಎನ್ನುತ್ತಿದ್ದರು ಸೊಸೆಗೆ.

ಮಗುವಿಗೆ ಒಳ್ಳೆಯದಾಗುತ್ತಲೂ ಇತ್ತು. ಶಾಲೆಗೆ ಹೋದ ಆ ಒಂದು ತಿಂಗಳಲ್ಲಿ ಚೈತನ್ಯ ಚಾಪೆಯ ಮೇಲೆ ಕೂರಲು ಕಲಿತಳು. ಚಪ್ಪಲಿ ಬಿಚ್ಚಿ ಜೋಡಿಸಿಟ್ಟಳು. ಒಂದು ದಿನ ಭಾನುಪ್ರಿಯ ಮೇಡಂ ಕೊಟ್ಟ ಚಿತ್ರದ ಕಾರ್ಡುಗಳಿಂದ ಲೋಟದ ಚಿತ್ರವನ್ನು ಎತ್ತಿಕೊಂಡು ಬಂದು ಮೇಘನಾಳ ಕೈಗಿಟ್ಟಳು. ನೀರು ಬೇಕು ಎಂದು ಮಗಳು ಕೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಮೇಘನಾ ನೀರು ಕೊಡುವುದನ್ನೂ ಮರೆತು ನಿಂತಲ್ಲೇ ಅತ್ತುಬಿಟ್ಟಳು.

ಕಾರ್ಡು ಬಂತು. ನಲವತ್ತಕ್ಕೆ ಕಡಿಮೆ ಬರೆದಿದ್ದರು.

"ನಾನೇನು ಮಾಡ್ಲಿ ಹೇಳಿ ಮೇಘನಾ," ಎಂದರು ಭಾನುಪ್ರಿಯ ಮೇಡಂ. "ಟ್ರಸ್ಟಿನವರ ನಿಯಮ ಇದು. ಕಾರ್ಡು ಸರಿಯಾಗಿರೋ ಇನ್ನೊಂದು ಮಗು ಕಾಯ್ತಾ ಇದೆ. ಸೀಟು ಹಿಡಿದಿಡೋಕೆ ನನ್ನಿಂದ ಆಗಲ್ಲ."

"ಮತ್ತೆ ತೋರಿಸಿದ್ರೆ ಮೇಡಂ?"

"ಮುಂದಿನ ಶಿಬಿರ ದಸರಾ ಆದ್ಮೇಲೆ. ಮರುತಪಾಸಣೆಗೆ ಅರ್ಜಿ ಹಾಕಿ. ಆಗ ಸೀಟಿದ್ರೆ ನೋಡೋಣ." ಅವರು ದನಿ ತಗ್ಗಿಸಿ ಸೇರಿಸಿದರು: "ಆ ಮೂರು ಉತ್ತರ ಇದೆಯಲ್ಲ, ಅದನ್ನ ಹೇಳಿಸ್ಕೊಂಡು ಹೋಗ್ಬೇಡಿ. ಮೊದಲ ಪ್ರಶ್ನೆಗೇ ಪಟಪಟ ಅಂತ ಹೇಳಿದ್ರೆ ಯಾವ ಡಾಕ್ಟರು ನಂಬ್ತಾರೆ?"

ಅವತ್ತು ಸಂಜೆ ಮನೆಯಲ್ಲಿ ದೊಡ್ಡ ಜಗಳವಾಯಿತು. ರುದ್ರಪ್ರಸಾದ್ ಅಪ್ಪನಿಗೆ ಎದುರಾಡಿದವನಲ್ಲ. ಅವತ್ತು ಆಡಿದ. "ಅಲ್ಲಿ ಬಾಯಿ ಹಾಕು ಅಂತ ನಿಂಗ್ಯಾರಪ್ಪ ಹೇಳಿದ್ದು? ಎಲ್ಲಾ ಮಾಡ್ತಾಳಂತೆ! ನಿನ್ ಮರ್ವಾದೆ ಉಳೀತಲ್ಲ, ಈಗ ಇಕ್ಕೋ. ಗಿರಣಿ ಹೋಯ್ತು, ಸೀಟೂ ಹೋಯ್ತು."

"ಮೊಮ್ಮಗಳಿಗೆ ಏನೂ ಬರಾಕಿಲ್ಲ ಅಂತ ಅಷ್ಟು ಜನದ ಮುಂದೆ ನನ್ ಬಾಯಲ್ಲಿ ಎಂಗೆ ಹೇಳ್ಲಿ ಕಣ್ಲಾ?" ಎಂದರು ಗವಿಸಿದ್ದಯ್ಯನವರು. "ಮಗ ಜಾಣೆ ಅನ್ನಿಸ್ಕೊಂಡ್ಲಲ್ಲ ಅಂತ ನಾನು..."

ಮೇಘನಾ ಒಲೆಯ ಮುಂದೆ ರಾಗಿಮುದ್ದೆ ತೊಳಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ತಪ್ಪಿನಲ್ಲಿ ಅರ್ಧ ತನ್ನದು ಎಂದು ಅವಳಿಗೆ ಗೊತ್ತಿತ್ತು. ಆದರೂ ತುಟಿ ಬಿಚ್ಚದೆ ಮುದುಕನ ಮೇಲೆ ಪೂರ್ತಿ ಬೀಳಲು ಬಿಟ್ಟಳು. ಅದಕ್ಕಾಗಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಬೀದಿಯ ಸರ್ಕಾರಿ ಶಾಲೆಯಲ್ಲಿ ಚೈತನ್ಯಳ ಹೆಸರು ಬರೆಸಿದರು. ಹೆಡ್‌ಮಿಸ್ಸು ಇಲ್ಲವೆನ್ನಲಿಲ್ಲ, ಆದರೆ ತಾಯಿಯೂ ಜೊತೆಗೆ ಕೂತರೆ ಮಾತ್ರ ಎಂದರು. ಎರಡನೇ ದಿನವೇ ಮಕ್ಕಳ ಗದ್ದಲಕ್ಕೆ ಚೈತನ್ಯ ಬೆಂಚಿನ ಕೆಳಗೆ ಸೇರಿಕೊಂಡು ಮಣಿಕಟ್ಟು ಕಚ್ಚಿಕೊಂಡಳು. ಹಳೆಯ ಶಾಲೆಯ ಹೊತ್ತಿಗೆ ಸರಿಯಾಗಿ ಮಾತ್ರ ದಿನವೂ ಚಪ್ಪಲಿ ಹಾಕಿಕೊಂಡು ಬಾಗಿಲ ಬಳಿ ನಿಲ್ಲುವಳು. ಹೋಗದಿದ್ದರೆ ಕಿರುಚಾಟ. ಹಾಗಾಗಿ ಮೇಘನಾ ಅವಳನ್ನು ಟ್ರಸ್ಟಿನ ಶಾಲೆಯ ಗೇಟಿನ ತನಕ ನಡೆಸಿಕೊಂಡು ಹೋಗಿ, ಅದನ್ನು ಮುಟ್ಟಿಸಿ, ಎಳೆದುಕೊಂಡು ವಾಪಸ್ಸು ಬರುವಳು.

ದಸರಾ ಹತ್ತಿರ ಬಂತು. ಶುಕ್ರವಾರ ಫಿಲೇಚರಿಗೆ ರಜ. ಅಂಥದೊಂದು ಮಧ್ಯಾಹ್ನ, ಮಿಷನ್ನು ನಿಂತು ಬೀದಿಯೆಲ್ಲ ತಣ್ಣಗಿದ್ದಾಗ, ಗವಿಸಿದ್ದಯ್ಯನವರು ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡರು.

"ಕಲಿಸ್ದೋನು ನಾನೇ. ಬುಡಿಸೋನೂ ನಾನೇ ಆಯ್ತೀನಿ," ಎಂದರು ಸೊಸೆಗೆ. ಆಮೇಲೆ ಮಗುವಿನ ಕಡೆ ತಿರುಗಿ, "ನಿನ್ನೆಸ್ರೇನವ್ವ?" ಎಂದು ಕೇಳಿದರು.

"ಚೈತನ್ಯ," ಎಂದು ಅವಳು ಅಂಗೈ ಚಾಚಿದಳು. ಅಜ್ಜ ಹುರಿಗಡಲೆ ಕೊಡಲಿಲ್ಲ. ಮತ್ತೆ ಕೇಳಿದರು. ಅಜ್ಜನಿಗೆ ಕೇಳಿಸಲಿಲ್ಲವೇನೋ ಎಂಬಂತೆ ಅವಳು ಇನ್ನೂ ಜೋರಾಗಿ ಹೇಳಿದಳು. ಆಗಲೂ ಕೊಡಲಿಲ್ಲ. ಮೂರನೆಯ ಸಲ ದನಿ ಕಿರುಚಾಟವಾಗಿ, ಮಣಿಕಟ್ಟು ಬಾಯಿಗೆ ಹೋಯಿತು. ಮುದುಕ ಜೇಬಿನಲ್ಲಿದ್ದದ್ದನ್ನೆಲ್ಲ ಅವಳ ಮಡಿಲಿಗೆ ಸುರಿದು ಎದ್ದುಬಿಟ್ಟರು.

"ನನ್ ಕೈಲಾಗಾಕಿಲ್ಲ ಕಣವ್ವ ಮೇಘನಾ. ನೀನೇ ನೋಡು," ಎನ್ನುತ್ತ ಹೆಗಲ ಟವೆಲ್ಲಿನಲ್ಲಿ ಮುಖ ಒತ್ತಿಕೊಂಡು ಬೀದಿಗೆ ಹೋದರು.

ಮಾವ ಕೂತಿದ್ದ ಜಾಗದಲ್ಲಿ ಮೇಘನಾ ಕೂತಳು. ಅವಳು ಬೇರೊಂದು ದಾರಿ ಯೋಚಿಸಿಟ್ಟುಕೊಂಡಿದ್ದಳು. ಸಾಲು ತಪ್ಪಿಸಿ ಕೇಳುವುದು, ಬಂದ ತಪ್ಪು ಉತ್ತರಕ್ಕೇ ತಿಂಡಿ ಕೊಡುವುದು, ತಪ್ಪೇ ರೂಢಿಯಾಗುವ ತನಕ ಬಿಡದಿರುವುದು. ಹೆತ್ತ ತಾಯಿ ಮಾಡುವ ಕೆಲಸವಲ್ಲ ಇದು ಎಂದು ಅನ್ನಿಸದೆ ಇರಲಿಲ್ಲ. ಆದರೆ ಮಾಡುವವರು ಬೇರೆ ಯಾರೂ ಇರಲಿಲ್ಲ.

"ಯಾವ ಊರು ನಿಂದು?" ಎಂದು ಕೇಳಿದಳು.

"ಚೈತನ್ಯ" ಎಂಬ ಉತ್ತರಕ್ಕೆ ಅವಳು ಕಾದಿದ್ದಳು. ಅದು ಬರಲಿಲ್ಲ. ಹುಡುಗಿ ಅಗಿಯುವುದನ್ನು ನಿಲ್ಲಿಸಿದಳು. ಮಡಿಲಲ್ಲಿದ್ದ ಕಾಳುಗಳನ್ನು ನೋಡಿದಳು, ಬಾಗಿಲಾಚೆಯ ಬೀದಿಯನ್ನು ನೋಡಿದಳು, ಆಮೇಲೆ ಅಮ್ಮನ ಗಲ್ಲವನ್ನು ನೋಡಿದಳು.

"ರಾಮನಗರ," ಎಂದಳು.

ಯಾರೂ ಕಲಿಸಿರಲಿಲ್ಲ. ಈ ಮನೆಯಲ್ಲಿ ಇಷ್ಟು ದಿನವೂ ಊರೆಂದರೆ ಕೋಡಿಹಳ್ಳಿಯೇ ಆಗಿತ್ತು. ಯಾವಾಗ ಕೇಳಿಸಿಕೊಂಡಳೋ, ಎಲ್ಲಿ ಇಟ್ಟುಕೊಂಡಿದ್ದಳೋ, ಕೇಳಿದ ಪ್ರಶ್ನೆಯನ್ನು ತಿಳಿದು ತಾನಾಗಿ ಕೊಟ್ಟ ಉತ್ತರ. "ಮಾವಾ!" ಎಂದು ಕೂಗಲು ಮೇಘನಾ ಬಾಯಿ ತೆರೆದಳು. ಗವಿಸಿದ್ದಯ್ಯನವರು ಬೀದಿಯ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು.

ಅವಳು ಕೂಗಲಿಲ್ಲ. ಉದ್ದ ಟೇಬಲ್ಲಿನ ಹಿಂದೆ ಕೂತು ನಗುತ್ತ ಕೇಳುವ ಡಾಕ್ಟರು ಕಣ್ಣ ಮುಂದೆ ಬಂದರು. ಎದ್ದು ಬಾಗಿಲು ಹಾಕಿ ಬಂದು, ಮಗಳ ಬಾಯಿಗೆ ಅಂಗೈ ಅಡ್ಡ ಇಟ್ಟಳು.

"ಶ್... ಹೇಳ್ಬಾರ್ದು ಕಂದಾ," ಎಂದಳು.

ಅಂಗೈಯ ಕೆಳಗೆ ಆ ಸಣ್ಣ ತುಟಿಗಳು ಅದೇ ಮಾತನ್ನು ಮತ್ತೆ ಹೇಳುತ್ತಿದ್ದವು. ಮೇಘನಾ ಕೈ ತೆಗೆಯಲಿಲ್ಲ.