ಕೋರೆಹಲ್ಲಿನ ಮೊನೆ

ಹಲ್ಲುಮಾವ ಎಂದರೆ ಬೀದಿಗೆಲ್ಲ ಗೊತ್ತು. ಹಲ್ಲು ಉದುರಿದವರಿಗೆ ಹಲ್ಲು ಕಟ್ಟಿಕೊಡುವುದು ಅವನ ಕಸುಬು. ಕಿಟಕಿಯ ಕೆಳಗಿನ ಮೇಜಿನ ಮೇಲೆ ನೆರೆಹೊರೆಯವರ ದವಡೆಗಳ ಅಚ್ಚುಗಳು ಬಾಯಿ ಬಿಟ್ಟುಕೊಂಡು ಸಾಲಾಗಿ ಕೂತಿರುತ್ತಿದ್ದವು. ಈ ಸಲ ಅವುಗಳ ನಡುವೆ ಒಬ್ಬ ಸಿನಿಮಾ ನಟನ ದವಡೆಯೂ ಬಂದು ಸೇರಿತ್ತು.

ತಂದವಳು ಅವನ ಅಕ್ಕನ ಮಗಳು ಪುಟ್ಟಿ. ಸಿನಿಮಾದವರಿಗೆ ಮೇಕಪ್ ಮಾಡುವವಳು. ಇಷ್ಟು ದಿನ ಗುಂಪಿನಲ್ಲಿ ನಿಲ್ಲುವವರ ಬೆವರೊರೆಸಿ ಪೌಡರ್ ಮೆತ್ತಿದ್ದೇ ಬಂತು. ಈಗ ಮೊದಲ ಬಾರಿಗೆ ಒಂದು ಮುಖ ಪೂರ್ತಿಯಾಗಿ ಅವಳ ಕೈಗೆ ಸಿಕ್ಕಿತ್ತು, ಅದೂ ರಕ್ತ ಹೀರುವ ಪಿಶಾಚಿಯದು. ನಿರ್ದೇಶಕ ಒಪ್ಪಿದರೆ ಉಂಟು, ಇಲ್ಲದಿದ್ದರೆ ಆ ಮುಖ ಬೇರೆಯವರ ಪಾಲು. ಅಂಗಡಿಯ ಪ್ಲಾಸ್ಟಿಕ್ ಕೋರೆಹಲ್ಲು ಮಾತಾಡುವಾಗ ಜಾರುತ್ತದೆಂದು ಅವಳು ಮಾವನ ಬೆನ್ನು ಬಿದ್ದಿದ್ದಳು.

ಮಾವ ಮನಸ್ಸಿಟ್ಟು ಮಾಡಿದ. ಮೇಣದಲ್ಲಿ ತಿದ್ದಿದ, ನಟನ ಹಲ್ಲಿನ ಬಣ್ಣಕ್ಕೇ ಬಣ್ಣ ಕೂಡಿಸಿದ, ತೇಯ್ದ, ಹೊಳಪು ಕೊಟ್ಟ. ಶೂಟಿಂಗಿನ ಬೆಳಿಗ್ಗೆ, ಹಲ್ಲು ಕೂರಿಸುವುದನ್ನು ಇನ್ನೊಬ್ಬರ ಕೈಗೆ ಬಿಡಲಾರೆನೆಂದು ಚೀಲ ಹೆಗಲಿಗೇರಿಸಿ ತಾನೂ ಹೊರಟ.

ಮೇಕಪ್ ಕೋಣೆಯಲ್ಲಿ ಪುಟ್ಟಿ ನಟನ ಮುಖಕ್ಕೆ ಸುಣ್ಣದಂತೆ ಬಿಳಿ ಬಳಿಯಲಿಲ್ಲ. ಮೊದಲು ತೆಳ್ಳಗೆ ಹಸಿರು, ಅದರ ಮೇಲೆ ಬೂದಿ ಬಣ್ಣ, ಕಣ್ಣಿನ ಕೆಳಗೆ ಹಳೇ ಪೆಟ್ಟಿನ ನೇರಳೆ. ನಗುಮುಖದ ಗುಂಡನೆಯ ಮನುಷ್ಯನಿಗೆ ನೋಡನೋಡುತ್ತ ಹೆಣದ ಕಳೆ ಬಂತು. ಮಾವ ಹಲ್ಲು ಕೂರಿಸಿದ. ನಟ ಕನ್ನಡಿಗೆ ಹಲ್ಲು ಕಿರಿದ. ಊಟ ಮುಗಿಸಿದ ಯಾರೋ ದೊಡ್ಡ ಮನುಷ್ಯರು ನಕ್ಕ ಹಾಗಿತ್ತು.

ನಿರ್ದೇಶಕ ಬಗ್ಗಿ ನೋಡಿ, ಪಿಶಾಚಿ ಫೋಟೋ ತೆಗೆಸಿಕೊಳ್ಳೋಕೆ ಬಂದ ಹಾಗಿದೆ ಎಂದ. ಲೈಟು ಹೊಂದಿಸುವಷ್ಟರಲ್ಲಿ ಸರಿಹೋಗದಿದ್ದರೆ ಬೇರೆ ಮೇಕಪ್‌ನವರಿಗೆ ಹೇಳಿಕಳಿಸುವುದಾಗಿ ಹೇಳಿ ಹೋದ.

ಪುಟ್ಟಿ ಕೋರೆಹಲ್ಲು ತೆಗೆಸಿ ಅದರ ತುದಿಗೆ ಬೆರಳಾಡಿಸಿದಳು.

"ಮಾವ, ಮೊನೆ ಎಲ್ಲಿ?"

ಮಾವನೂ ಮುಟ್ಟಿ ನೋಡಿದ. ಮೇಣದಲ್ಲಿ ಮೊನೆ ಇಟ್ಟದ್ದು ಚೆನ್ನಾಗಿ ನೆನಪಿತ್ತು. ಹೊಳಪು ಕೊಡುವಾಗ ಕೈ ಅದನ್ನು ತಾನಾಗಿಯೇ ಗುಂಡಗೆ ಮಾಡಿಬಿಟ್ಟಿತ್ತು. ಚುಚ್ಚುವ ಅಂಚು ಬೆರಳಿಗೆ ಸಿಕ್ಕರೆ ಸವೆಸದೆ ಬಿಟ್ಟ ಕೈಯೇ ಅಲ್ಲ ಅದು.

"ನಾಲಿಗೆ ಕುಯ್ಯುತ್ತೆ ಕಣೇ," ಎಂದ ಮೆಲ್ಲಗೆ.

"ಇದೇನು ಊಟ ಮಾಡೋ ಹಲ್ಲಾ ಮಾವ?"

"ಹಲ್ಲು ಸುಳ್ಳು, ಸರಿ. ನಾಲಿಗೆ ಅವರದು ನಿಜವಾದ್ದೇ ತಾನೆ?"

ನಟ ತನ್ನ ನಾಲಿಗೆಯ ಚಿಂತೆ ಬೇಡವೆಂದು ಸಮಾಧಾನ ಹೇಳಿದ. ಮಾವ ಅರ ತೆಗೆದು ಎರಡೆಳೆತ ಎಳೆದ. ಹೆಬ್ಬೆರಳಿಗೆ ಚುರುಕ್ಕೆಂದಿತು. ಮರುಗಳಿಗೆ ಆ ಮೊನೆಯನ್ನೇ ಮತ್ತೆ ಸವೆಸುತ್ತ ಕೂತಿದ್ದ. ಹೊರಗೆ ಯಾರೋ ಲೈಟು ರೆಡಿ ಎಂದು ಕೂಗಿದರು. ಪುಟ್ಟಿ ಅರಕ್ಕಾಗಿ ಕೈ ಚಾಚಿದಳು. ಮಾವ ಅವಳ ಅಂಗೈಯಲ್ಲಿ ಅರ ಇಟ್ಟ.

ಅವನು ಹಲ್ಲು ಹಿಡಿದುಕೊಂಡ, ಅವಳು ತೇಯ್ದಳು. ಅವನ ಮುಖ ಗೋಡೆಯ ಕಡೆಗಿತ್ತು. ಅರದ ಸದ್ದು ಬದಲಾದಾಗ ಮಾತ್ರ ಬಾಯಿಬಿಟ್ಟ. "ಹೊರಮೈ ಮಾತ್ರ ತೇಯಿ. ನಾಲಿಗೆ ಕಡೆ ಮುಟ್ಟಬೇಡ."

ಈ ಸಲ ನಟ ತುಟಿ ತೆರೆದಾಗ ನಿರ್ದೇಶಕ ಚೆನ್ನಾಗಿದೆ ಎಂದೇನೂ ಹೇಳಲಿಲ್ಲ. ಕ್ಯಾಮೆರಾ ಇನ್ನಷ್ಟು ಹತ್ತಿರ ತರಲು ಹೇಳಿದ. ಹೋಗುತ್ತಾ ಪುಟ್ಟಿಯ ಕಡೆ ತಿರುಗಿ, ಸಿನಿಮಾ ಮುಗಿಯೋವರೆಗೂ ಈ ಮುಖ ನಿಮ್ಮದೇ ಎಂದ. ಪುಟ್ಟಿ ತಲೆಯಾಡಿಸಿ ಬಾಟಲಿಯಿಂದ ನಟನ ತುಟಿಯಂಚಿಗೆ ರಕ್ತ ಇಳಿಬಿಟ್ಟಳು.

ಶಾಟ್ ಮುಗಿದದ್ದೇ ತಡ, ಮಾವ ಟಾರ್ಚು ಹಿಡಿದು ನಟನ ಮುಂದೆ ನಿಂತ. ಬಾಯಿ ತೆರೆಯಿರಿ ಎಂದ. ಒಳಗೆಲ್ಲ ಕೆಂಪು.

"ಪುಟ್ಟೀ, ಇದು ನಿನ್ನ ಬಾಟಲಿದಾ, ಇವರದಾ?"

ನಟ ಚಪ್ಪರಿಸಿ ನೋಡಿದ. "ಸಿಹಿ ಇದೆ. ಅವರ ಬಾಟಲಿದೇ."

ಮಾವ ನಂಬಲಿಲ್ಲ. ಹತ್ತಿ ಸುತ್ತಿ ನಾಲಿಗೆಯನ್ನು ಎರಡೂ ಬದಿ ಒರೆಸಿ ನೋಡಿದ ಮೇಲೆಯೇ ಟಾರ್ಚು ಆರಿಸಿದ್ದು.