ಪಟ್ಟಿಯಲ್ಲಿ ಇಲ್ಲದ ಗೌಸಸಾಬ

ಜನ್ನತಬಿ ಚಾಪೆ ಹಾಸಿದಳು. ಕುಂಡ್ರಿ ಅನ್ನಲಿಲ್ಲ. ಅನ್ನಪೂರ್ಣ ತಾನಾಗಿಯೇ ಕೂತಳು. ಬೆಟಗೇರಿಯಿಂದ ಶಿರಹಟ್ಟಿಗೆ ಬರುವಾಗ ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತುಗಳು ಹೊಸ್ತಿಲಲ್ಲೇ ಉದುರಿ ಹೋಗಿದ್ದವು.

"ಬರೂ ಐತವಾರ ನಮ್ಮ ಚರ್ಚಿನ್ಯಾಗ ಒಂದು ಪ್ರಾರ್ಥನಾ ಐತಿರಿ. ಜೀವಕ್ಕ ಅಂಜಿ ದೇಶ ಬಿಟ್ಟು ಓಡಿ, ಗಡಿ ದಾಟೂಮುಂದ ಸತ್ತವರ ಹೆಸರು ಓದ್ತೀವಿ. ಈ ಸಲ ಓದಾಕ ನನಗ ಹೇಳ್ಯಾರ. ಅದರಾಗ ನಿಮ್ಮ ಮನಿಯವ್ರ ಹೆಸರೂ ಸೇರಿಸಬೇಕಂತ…"

"ನಮ್ಮ ಮನಿಯವ್ರು ಯಾವ ದೇಶ ಬಿಟ್ಟು ಓಡಿದ್ರರೀ ಅಕ್ಕೋರ? ಹಡಗಲಿಯಿಂದ ಮನಿಗೆ ಬರಾಕತ್ತಿದ್ರು."

ಅನ್ನಪೂರ್ಣ ತಲೆ ತಗ್ಗಿಸಿದಳು. ಮೂರು ವರ್ಷದ ಹಿಂದಿನ ಏಪ್ರಿಲ್ ಅದು. ದೇಶವೇ ಬಾಗಿಲು ಹಾಕಿಕೊಂಡಿದ್ದ ಲಾಕ್‌ಡೌನ್ ದಿನಗಳು. ಸರಕಾರಿ ಶಾಲೆಯ ಶಿಕ್ಷಕಿಯಾದ ಅವಳನ್ನು ಮುಂಡರಗಿ ಆಚೆ, ತುಂಗಭದ್ರೆಯ ಸೇತುವೆಯ ಮೇಲಿನ ಚೆಕ್‌ಪೋಸ್ಟಿಗೆ ಹಾಕಿದ್ದರು. ಈ ದಂಡೆ ಗದಗ ಜಿಲ್ಲೆ, ಆ ದಂಡೆ ಬಳ್ಳಾರಿ. ಪಾಸಿಲ್ಲದವರನ್ನು ಬಿಡಬಾರದೆಂದು ಆದೇಶ. ಹಡಗಲಿ ಕಡೆ ಗಾದಿ ಹೊಲಿಯಲು ಹೋಗಿ ಸಿಕ್ಕಿಬಿದ್ದಿದ್ದ ಗೌಸಸಾಬ, ಹೆಂಡತಿ ಜನ್ನತಬಿಯನ್ನು ಕರೆದುಕೊಂಡು ನಡೆದೇ ಬಂದು ಅವಳ ಟೇಬಲ್ಲಿನ ಮುಂದೆ ನಿಂತಿದ್ದ. ಹೆಸರು ಕೇಳಿದಳು. ಅವನು ಹೇಳಿದ. ಅವಳು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದಳು. ಆ ವಾರ ಟಿವಿಯಲ್ಲಿ ರೋಗಕ್ಕೂ ಇಂಥ ಹೆಸರುಗಳಿಗೂ ಗಂಟು ಹಾಕಿ ದಿನವಿಡೀ ಕೂಗುತ್ತಿದ್ದರು. ಪಾಸಿಲ್ಲ, ಹೊಳ್ಳಿ ಹೋಗ್ರಿ ಅಂದಳು.

ಅಂದು ಸಂಜೆ ಗಂಡಹೆಂಡತಿ ಸೇತುವೆಯ ದಾರಿ ಬಿಟ್ಟು ಹೊಳೆಗಿಳಿದರು. ಬೇಸಿಗೆ, ಮೊಣಕಾಲುದ್ದ ನೀರು. ಆದರೆ ಮರಳು ಬಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ. ಮುಂದೆ ನಡೆಯುತ್ತಿದ್ದ ಗೌಸಸಾಬ ಒಂದರಲ್ಲಿ ಮುಳುಗಿದ. ಮರುದಿನ ಹೆಣ ಈ ದಂಡೆಗೆ ಹತ್ತಿತು. ಹೆಣಕ್ಕೆ ಯಾರೂ ಪಾಸು ಕೇಳಲಿಲ್ಲ.

"ನಮ್ಮ ಜೋಡಿ ನಡಕೋಂತ ಬಂದ ನೀಲಪ್ಪಗೂ ಪಾಸ್ ಇದ್ದಿದ್ದಿಲ್ಲ," ಎಂದಳು ಜನ್ನತಬಿ. "ಅವನ ಹೆಸರು ಕೇಳಿದ್ರಿ. 'ಜಲ್ದಿ ಹೋಗಪ್ಪಾ, ಸಾಹೇಬ್ರು ಬರೂದ್ರಾಗ' ಅಂದು ಬಿಟ್ರಿ. ಹಿಂದ ನಾವ ನಿಂತಿದ್ವಿ."

ಅದನ್ನು ಯಾರೂ ಗಮನಿಸಿಲ್ಲವೆಂದೇ ಅನ್ನಪೂರ್ಣ ಇಷ್ಟು ದಿನ ನಂಬಿದ್ದಳು. ಕುಡಿಯಲು ನೀರು ಕೇಳುವ ಧೈರ್ಯ ಆಗಲಿಲ್ಲ.

"ಓದ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಪೂರಾ ಓದ್ರಿ. ಅವನ್ನ ಬಿಟ್ಟಿದ್ದೂ, ನಮ್ಮನ್ನ ಹೊಳ್ಳಿ ಕಳಿಸಿದ್ದೂ. ನಿಮ್ಮ ಬಾಯಿಲೇ. ಆಮ್ಯಾಲೆ ಫೋನ್ ಹಚ್ಚಿ ಕೇಳ್ತೀನಿ."

"ಆತ್ರಿ," ಎಂದಳು ಅನ್ನಪೂರ್ಣ.

ಭಾನುವಾರ ಚರ್ಚು ತುಂಬಿತ್ತು. ಪಟ್ಟಿಯಲ್ಲಿ ಅವಳ ನಾಲಿಗೆಗೆ ಒಗ್ಗದ ಹೆಸರುಗಳು. ಕೆಲವರಿಗೆ ಅದೂ ಇರಲಿಲ್ಲ: 'ಸುಮಾರು ಆರು ವರ್ಷದ ಹುಡುಗಿ, ಸಮುದ್ರ', 'ಗಂಡಸು, ಮರುಭೂಮಿ'. ಒಂದೊಂದು ಓದಿದ ಮೇಲೂ ಸಭೆ ಒಂದೇ ದನಿಯಲ್ಲಿ "ಕರ್ತನೇ, ನೆನಪಿಟ್ಟುಕೋ" ಅನ್ನುತ್ತಿತ್ತು. ಮೂವತ್ತು ಹೆಸರು ದಾಟುವಷ್ಟರಲ್ಲಿ ಅದು ಮಗ್ಗಿ ಹೇಳಿದ ಹಾಗಾಗಿತ್ತು.

ಪಟ್ಟಿ ಮುಗಿಯಿತು. ಅವಳು ವೇದಿಕೆಯಿಂದ ಕೆಳಗಿಳಿಯಲಿಲ್ಲ.

"ಗೌಸಸಾಬ. ಶಿರಹಟ್ಟಿಯವರು. ಗಾದಿ ಹೊಲಿಯುತ್ತಿದ್ದರು. ತುಂಗಭದ್ರೆಯಲ್ಲಿ ಮುಳುಗಿದರು."

"ಕರ್ತನೇ, ನೆನಪಿಟ್ಟುಕೋ."

"ಅವರನ್ನು ಸೇತುವೆಯಿಂದ ಹೊಳ್ಳಿ ಕಳಿಸಿದವಳು ನಾನು."

"ಕರ್ತನೇ, ನೆನ…" ರೂಢಿಯಲ್ಲಿ ಶುರುವಾದದ್ದು ನಡುವೆ ಮುಗ್ಗರಿಸಿತು. ಕೆಲವರು ನಿಲ್ಲಿಸಿದರು. ಹಿಂದಿನ ಬೆಂಚಿನವರು ಪೂರ್ತಿ ಮಾಡಿಬಿಟ್ಟರು.

ಮುಂದಿನ ವಾಕ್ಯ ನೀಲಪ್ಪನದು. ಬಾಯಿಯವರೆಗೂ ಬಂದಿತ್ತು. ಎದುರಿಗೆ ಸ್ತ್ರೀ ಸಂಘದ ಅಧ್ಯಕ್ಷೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಹೆತ್ತ ಮಗಳನ್ನು ನೋಡುವಂತೆ ಅವಳನ್ನು ನೋಡುತ್ತಿದ್ದರು. ಇನ್ನೊಂದು ವಾಕ್ಯ ಹೇಳಿದರೆ ಆ ನೋಟ ಹಾಗೆಯೇ ಉಳಿಯುವುದಿಲ್ಲ. ಅನ್ನಪೂರ್ಣ ಕಾಗದ ಮಡಚಿ ಕೆಳಗಿಳಿದಳು.

ಹೊರಗೆ ಬೇವಿನ ಗಿಡದ ಕೆಳಗೆ ಚಹಾ. ಜನ ಮುತ್ತಿಕೊಂಡರು. ಅಧ್ಯಕ್ಷೆ ತಾವೇ ಕಪ್ಪು ತಂದು ಅವಳ ಕೈಯಲ್ಲಿಟ್ಟರು. "ಎಷ್ಟು ದಿನಾ ಒಳಗ ಇಟ್ಕೊಂಡಿದ್ಯವ್ವಾ ಇದನ್ನ!"

"ಸರಕಾರದ ಆರ್ಡರ್ ಇತ್ತು, ಅನ್ನಪೂರ್ಣಕ್ಕ," ಎಂದರು ಚರ್ಚಿನ ಸಭಾಪಾಲಕರು. "ಒಬ್ಬರನ್ನ ಬಿಟ್ರ ಎಲ್ಲಾರನ್ನೂ ಬಿಡಬೇಕಾಗ್ತಿತ್ತು. ನಿಮ್ಮದೇನು ತಪ್ಪೈತಿ?"

ಅವಳು ಚಹಾ ಕುಡಿದಳು. ಸಕ್ಕರೆ ಜಾಸ್ತಿಯಿತ್ತು. ಫೋನು ರಿಂಗಾಯಿತು. ಕಂಪೌಂಡಿನ ಮೂಲೆಗೆ ಹೋಗಿ ಎತ್ತಿದಳು.

"ಓದಿದ್ರ್ಯಾ?" ಜನ್ನತಬಿ.

"ಓದಿದ್ನಿರಿ. ನಾನ ಹೊಳ್ಳಿ ಕಳಿಸಿದ್ದು ಅಂತನೂ ಹೇಳಿದ್ನಿ."

"ಮಂದಿ ಏನಂದ್ರು?"

"ಏನೂ ಅನ್ಲಿಲ್ರಿ. ಸಮಾಧಾನ ಮಾಡಿದ್ರು. ಚಾ ಕೊಟ್ರು."

ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು.

"ನೀಲಪ್ಪನ್ನ ಬಿಟ್ಟಿದ್ದು?"

ಅನ್ನಪೂರ್ಣ ಬಾಯಿ ತೆರೆದಳು. ಸುಳ್ಳು ಹೇಳಬಹುದಿತ್ತು, ಶಿರಹಟ್ಟಿಯಿಂದ ಬಂದು ಕೇಳುವವರು ಯಾರೂ ಇರಲಿಲ್ಲ.

"ಇಲ್ರಿ. ಹೇಳಾಕ ಆಗ್ಲಿಲ್ಲ."

"ಹಂಗನ್ರಿ," ಎಂದಳು ಜನ್ನತಬಿ. "ಅದಕ್ಕ ಚಾ ಕೊಟ್ಟಾರ."