ಮಕ್ರುಹಿಯ ಐದು ಮಾತು

ಸಂಸದ ಹಾಸ್ಕಿನ್ಸ್ ಮುಂಬಾಗಿಲು ಬಿಟ್ಟು ಚರ್ಚಿನ ಅಡುಗೆಮನೆಯ ಬಾಗಿಲಿನಿಂದ ಬಂದದ್ದನ್ನು ಕಂಡಾಗಲೇ ಸೋಸಿಯ ಎದೆ ಧಸಕ್ಕೆಂದಿತು. ಹದಿನಾಲ್ಕು ವರ್ಷದಿಂದ ಆತ ಅಮೆರಿಕದ ಈ ಫೌಲರ್ ಊರಿನ ಆರ್ಮೇನಿಯನ್ನರ ಊಟ ಒಂದನ್ನೂ ತಪ್ಪಿಸಿದವನಲ್ಲ. ಬಂದರೆ ಮುಂಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕಿ, ಮಕ್ಕಳ ತಲೆ ಸವರಿ, ಫೋಟೊ ತೆಗೆಸಿಕೊಂಡ ಮೇಲೆಯೇ ಒಳಗೆ ಕಾಲಿಡುವ ಆಸಾಮಿ. ಇವತ್ತು ಕಳ್ಳ ಬೆಕ್ಕಿನ ಹಾಗೆ ಪಾತ್ರೆಗಳ ನಡುವೆ ನುಸುಳಿ ಬಂದಿದ್ದ. ಹಿಂದೆ ಅವನ ಸಹಾಯಕಿ, ನಡುವಯಸ್ಸಿನ ಹೆಂಗಸು, ಕೈಯಲ್ಲಿ ಪುಸ್ತಕ ಹಿಡಿದಿದ್ದಳು.

"ತಳ ಹಿಡೀತಿದೆ ಕಣೇ, ತಿರುವು!" ಎಂದಳು ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಸತೆನಿಗ್. "ಅವನ ಮುಖ ನೋಡ್ಕೊಂಡು ನಿಂತ್ರೆ ನುಚ್ಚು ಬೇಯುತ್ತಾ?"

ಸೋಸಿ ಸೌಟು ತಿರುವಿದಳು. ಕೊಪ್ಪರಿಗೆಯ ತುಂಬ ಕುರಿಮಾಂಸ, ಗೋಧಿನುಚ್ಚು. ಅದು ಮದಾಘ್, ಅವಳ ಹರಕೆಯ ಊಟ. ಪಾದ್ರಿ ಹರಸಿಕೊಟ್ಟ ಉಪ್ಪು ಬಿದ್ದ ಮೇಲೆ ಅದನ್ನು ಮಾರುವಂತಿಲ್ಲ, ಕೇಳಿ ಬಂದವರಿಗೆ ಇಲ್ಲವೆನ್ನುವಂತಿಲ್ಲ, ನಾಳೆಗೆಂದು ಎತ್ತಿಡುವಂತಿಲ್ಲ. ಹೊತ್ತು ಮುಳುಗುವುದರೊಳಗೆ ಜನ ಉಂಡು ಕೊಪ್ಪರಿಗೆ ಬರಿದಾಗಬೇಕು. ಜನ ಉಣ್ಣದೆ ಹೋದರೆ ಹರಕೆ ಸಲ್ಲಲಿಲ್ಲವೆಂದೇ ಅರ್ಥ. ಇದನ್ನೆಲ್ಲ ದೇವರು ಎಲ್ಲಿ ಹೇಳಿದ್ದಾನೋ ಸೋಸಿಗೆ ಗೊತ್ತಿರಲಿಲ್ಲ, ಆದರೆ ಹೆತ್ತ ಮಗನ ಜೀವದ ಮಾತು ಬಂದಾಗ ಯಾರು ತರ್ಕ ಮಾಡುತ್ತಾರೆ?

ಅವಳ ಒಬ್ಬನೇ ಮಗ ಲೆವೋನ್ ಇರಾಕಿನಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದ. ಮೂರು ವಾರದ ಹಿಂದೆ ಅವನ ಮುಂದಿದ್ದ ಲಾರಿ ಬಾಂಬಿಗೆ ಸಿಡಿದು, ಅದರಲ್ಲಿದ್ದ ಇಬ್ಬರೂ ಹೋಗಿದ್ದರು. ಫೋನಿನಲ್ಲಿ ಲೆವೋನ್ ಅಮ್ಮನಿಗೇ ಸಮಾಧಾನ ಹೇಳಿದ: "ಅಳಬೇಡಮ್ಮ. ಹೊಸ ಉಕ್ಕಿನ ಗಾಡಿಗಳು ಬರ್ತಿವೆಯಂತೆ. ಅವು ಬಂದ್ಬಿಟ್ರೆ ಬಾಂಬ್ ಹಾಕಿದ್ರೂ ಏನಾಗಲ್ಲ." ಆ ಗಾಡಿಗಳು ಬರುವುದು ತುರ್ಕಿಯ ವಿಮಾನ ನೆಲೆಯ ಮೂಲಕ. ಅದೇ ಮಧ್ಯಾಹ್ನ ಟಿವಿಯಲ್ಲಿ ತುರ್ಕಿಯ ಮಂತ್ರಿಯೊಬ್ಬ ಬೆರಳೆತ್ತಿ ಹೇಳುತ್ತಿದ್ದ. ೧೯೧೫ರಲ್ಲಿ ಆರ್ಮೇನಿಯನ್ನರಿಗೆ ಆದದ್ದನ್ನು ಅಮೆರಿಕದ ಕಾಂಗ್ರೆಸ್ಸು ನಿರ್ಣಯ ಮಾಡಿ ನರಮೇಧವೆಂದು ಕರೆದರೆ ಆ ನೆಲೆಯ ಬಾಗಿಲು ಮುಚ್ಚೀತು, ಹುಷಾರು, ಎಂದು.

ಸೋಸಿ ಆ ಮಧ್ಯಾಹ್ನ ಎರಡು ಅರ್ಜಿ ಹಾಕಿದಳು. ಒಂದು ದೇವರಿಗೆ, ಈ ಹರಕೆ. ಇನ್ನೊಂದು ಸಂಸದ ಹಾಸ್ಕಿನ್ಸಿಗೆ, ಕಾಗದದಲ್ಲಿ. 'ನಿರ್ಣಯ ಬೇಡವೆನ್ನುತ್ತಿಲ್ಲ. ನಾನೂ ಆರ್ಮೇನಿಯನ್ನಳೇ. ಈ ಯುದ್ಧ ಮುಗಿಯಲಿ, ಹುಡುಗರು ಮನೆಗೆ ಬರಲಿ, ಆಮೇಲೆ ಮಾಡಿ.' ಬರೆಯುವಾಗ ಎದುರಿಗೆ ಫ್ರಿಜ್ಜಿನ ಬಾಗಿಲ ಮೇಲೆ ಅತ್ತೆಯ ವಿಮಾನದ ಟಿಕೆಟ್ ಅಂಟಿಸಿತ್ತು. ನಿರ್ಣಯ ಮತಕ್ಕೆ ಬರುವ ದಿನ ವಾಷಿಂಗ್ಟನ್ನಿನಲ್ಲಿ ಪ್ರೇಕ್ಷಕರ ಮೇಲಿನ ಸಾಲಿನಲ್ಲಿ ಕೂರಲು ಊರಿನವರು ಕಳಿಸುತ್ತಿದ್ದುದು ಅವಳನ್ನೇ.

ಅತ್ತೆ ಮಕ್ರುಹಿಗೆ ತೊಂಬತ್ತೆಂಟು. ಫೌಲರಿನ ಸುತ್ತಲಿನ ಕಣಿವೆಯಲ್ಲಿ ೧೯೧೫ರದ್ದನ್ನೆಲ್ಲ ಕಣ್ಣಾರೆ ಕಂಡವರ ಪೈಕಿ ಉಳಿದವಳು ಅವಳೊಬ್ಬಳೇ. ವರ್ಷಕ್ಕೊಮ್ಮೆ, ಆಗ ಸತ್ತವರನ್ನು ನೆನೆಯುವ ಏಪ್ರಿಲ್ ಇಪ್ಪತ್ನಾಲ್ಕರಂದು, ಎದ್ದು ನಿಂತು ಐದು ಮಾತು ಹೇಳುತ್ತಿದ್ದಳು. "ನನಗೆ ಆರು ವರ್ಷ. ಅಪ್ಪನನ್ನು ಮಂಗಳವಾರ ಕರೆದುಕೊಂಡು ಹೋದರು. ನಮ್ಮನ್ನು ನಡೆಸಿದರು. ನದಿಯ ಹತ್ತಿರ ಅಮ್ಮ ನನ್ನ ಕೈ ಬಿಟ್ಟಳು. ಆಮೇಲೆ ನಾನೊಬ್ಬಳೇ ನಡೆದೆ." ಅಷ್ಟೇ. ವಿಶ್ವವಿದ್ಯಾಲಯದವರು ಟೇಪು ಹಿಡಿದು ಬಂದಾಗಲೂ ಅದೇ ಐದು, ಇಪ್ಪತ್ತು ವರ್ಷ ಬಿಟ್ಟು ಇನ್ನೊಬ್ಬರು ಬಂದಾಗಲೂ ಅದೇ ಐದು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. "ಇನ್ನೂ ಸ್ವಲ್ಪ ಹೇಳಿ ಅಜ್ಜಿ" ಎಂದು ಗೋಗರೆದರೆ, "ನೋಡಿದ್ದು ಅಷ್ಟೇ ಕಣಪ್ಪ, ಇಲ್ಲದ್ದು ಸೇರಿಸಿದ್ರೆ ಇದ್ದದ್ದೂ ಹೋಗುತ್ತೆ" ಎನ್ನುತ್ತಿದ್ದಳು. ಮದುವೆಯಾಗಿ ಬಂದ ಮೊದಲ ವರ್ಷ ಅದನ್ನು ಕೇಳಿದಾಗ ಸೋಸಿಯ ಮೈ ಜುಮ್ಮೆಂದಿತ್ತು. ಇಪ್ಪತ್ತೊಂಬತ್ತನೆಯ ಸಲ ಕೇಳಿದಾಗಲೂ ಹಾಗೆಯೇ ಆಯಿತು.

ಅಡುಗೆಯಾಯಿತು. ಕೊಪ್ಪರಿಗೆಯನ್ನು ಸಭಾಂಗಣದ ಮೇಜಿಗೆ ಎತ್ತಿಟ್ಟರು. ಪಾದ್ರಿ ಪ್ರಾರ್ಥನೆ ಮುಗಿಸಿದರು. ಎಂಬತ್ತು ತೊಂಬತ್ತು ಜನ ತಟ್ಟೆ ಹಿಡಿದು ಸಾಲು ನಿಂತರು, ಎಲ್ಲರಿಗಿಂತ ಮುಂದೆ ಸತೆನಿಗ್. ಸೋಸಿ ಸೌಟು ಅದ್ದಬೇಕು, ಅಷ್ಟರಲ್ಲಿ ಹಾಸ್ಕಿನ್ಸ್ ಗಂಟಲು ಸರಿಪಡಿಸಿಕೊಂಡ.

"ಊಟಕ್ಕೆ ಮುಂಚೆ ಎರಡು ಮಾತು. ಬೇರೆಯವರಿಂದ ನಿಮಗೆ ತಿಳಿಯೋದು ಬೇಡ ಅಂತ ನಾನೇ ಬಂದೆ. ಆ ನಿರ್ಣಯಕ್ಕೆ ಹಾಕಿದ್ದ ನನ್ನ ಹೆಸರನ್ನ ಹಿಂದಕ್ಕೆ ತಗೋತಿದ್ದೀನಿ."

ಸಭಾಂಗಣದಲ್ಲಿ ಗುಜುಗುಜು ಎದ್ದಿತು. ಆತ ಎರಡೂ ಕೈ ಎತ್ತಿದ. "ನಡೆದದ್ದು ನಡೆದಿಲ್ಲ ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ನಮ್ಮ ಹುಡುಗರು ಯುದ್ಧದಲ್ಲಿದ್ದಾರೆ. ಅವರಿಗೆ ಹೋಗೋ ಸಾಮಾನು ತುರ್ಕಿ ಮೇಲೆ ಹೋಗಬೇಕು. ಈಗ ಅವರನ್ನ ಎದುರು ಹಾಕ್ಕೊಳ್ಳೋ ಕಾಲ ಅಲ್ಲ."

"ತೊಂಬತ್ತೆರಡು ವರ್ಷದಿಂದ ಇದೇ ಹಾಡು!" ಸತೆನಿಗ್ ತಟ್ಟೆ ಬಡಿದು ಕೂಗಿದಳು. "ಆವಾಗ ರಷ್ಯದವರ ಭಯ, ಈವಾಗ ಇರಾಕು. ನಿಮ್ಮ ಪಂಚಾಂಗದಲ್ಲಿ ನಮಗೆ ಒಳ್ಳೇ ಕಾಲ ಅಂತ ಬರೆದೇ ಇಲ್ವಾ?"

ಜನ ಚಪ್ಪಾಳೆ ತಟ್ಟಿದರು. ಹಾಸ್ಕಿನ್ಸನ ಮುಖ ಕೆಂಪಾಯಿತು. "ನನ್ನನ್ನ ಬೈದು ಏನು ಪ್ರಯೋಜನ? ನಿಮ್ಮ ಪೈಕಿಯವರೇ ಒಬ್ಬರು, ಇದೇ ಚರ್ಚಿನ ಹೆಂಗಸು, ನಿರ್ಣಯ ಈಗ ಬೇಡ ಅಂತ ನನಗೆ ಕಾಗದ ಬರೆದಿದ್ದಾರೆ."

ಸೋಸಿಗೆ ಕೈಯಲ್ಲಿದ್ದ ಸೌಟು ಮಣಭಾರವಾಯಿತು.

"ಯಾವಳವಳು?" ಸತೆನಿಗ್ ಸಾಲಿನ ಉದ್ದಕ್ಕೂ ಕಣ್ಣಾಡಿಸಿದಳು. "ಅವಳ ಕೈ ಸೇದುಹೋಗ! ಅಂಥವಳ ಕೈಯಿಂದ ನಾನು ಒಂದು ಲೋಟ ನೀರೂ ಕುಡಿಯಲ್ಲ."

"ನಾನೂ ಅಷ್ಟೆ" ಎಂದಿತು ಹಿಂದಿನಿಂದ ಒಂದು ದನಿ. ಸೋಸಿ ಕೊಪ್ಪರಿಗೆಯನ್ನು ನೋಡಿದಳು. ಒಂದು ಸೌಟೂ ಹೊರಬಂದಿರಲಿಲ್ಲ. ಬಾಯಿ ಬಿಟ್ಟರೆ ಇದು ಹೀಗೇ ಆರುತ್ತದೆ. ಬಾಯಿ ಮುಚ್ಚಿಕೊಂಡರೆ ಹರಕೆ ಸಲ್ಲುತ್ತದೆ, ಲೆವೋನ್ ಬರುತ್ತಾನೆ. ಚರ್ಚಿನಲ್ಲಿ ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ತಾಯಂದಿರು ಮೂವರಿದ್ದರು. ಜನರ ಕಣ್ಣು ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗುತ್ತಿತ್ತು.

"ನಾನೇ ಬರೆಸಿದ್ದು."

ಮುಂದಿನ ಸಾಲಿನ ಕುರ್ಚಿಯಿಂದ ಬಂತು ಆ ಮಾತು. ಮಕ್ರುಹಿ ವಾಕರನ್ನು ಹಿಡಿದು ಮೆಲ್ಲಗೆ ಎದ್ದು ನಿಂತಳು. ಏಪ್ರಿಲ್ಲಿನಲ್ಲಿ ನಿಲ್ಲುವ ಹಾಗೆಯೇ.

"ಯಾಕೆ ಹಂಗೆ ನೋಡ್ತೀರಾ? ನಂಗೆ ಇಂಗ್ಲಿಷ್ ಬರೆಯೋಕೆ ಬರಲ್ಲ, ಒಬ್ಬರ ಕೈಲಿ ಬರೆಸಿದೆ. ಮೊಮ್ಮಗ ಅಲ್ಲಿದ್ದಾನೆ. ಇಷ್ಟು ವರ್ಷ ಕಾದಿದ್ದೀನಿ, ಇನ್ನೆರಡು ವರ್ಷ ಕಾದ್ರೆ ನಾನೇನು ಸವೆದು ಹೋಗಲ್ಲ. ಊಟ ಆರ್ತಿದೆ, ಹಾಕೇ ಸೋಸಿ."

ಸತೆನಿಗ್‌ಳ ಕಣ್ಣಲ್ಲಿ ನೀರು ಬಂತು. ಮಕ್ರುಹಿಯೇ ಕಾಯುತ್ತೇನೆಂದರೆ ಬೇಡವೆನ್ನಲು ಯಾರಿಗೆ ಹಕ್ಕಿದೆ? ಮುದುಕಿಯ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಸೋಸಿ ಬಿಟ್ಟ ಕಣ್ಣು ಬಿಟ್ಟಂತೆಯೇ ನಿಂತಳು. ಇವಳಿಗೆ ಹೇಗೆ ಗೊತ್ತಾಯಿತು? ಗೊತ್ತಿದ್ದೂ ಮೂರು ವಾರ ನನ್ನ ಕೈಯಿಂದಲೇ ಕಾಫಿ ಕುಡಿದಳಲ್ಲ! ಭೂಮಿಯ ಮೇಲೆ ಇಂಥ ಜೀವವೂ ಇರುತ್ತದೆಯೇ ಎಂದು ಅವಳಿಗೆ ದಿಗಿಲಿನಂಥ ಬೆರಗಾಯಿತು.

ಹಾಸ್ಕಿನ್ಸನಿಗೆ ಕಾಗದದ ಕೆಳಗಿನ ಹೆಸರು ಗೊತ್ತಿತ್ತು. ಆತ ಒಂದು ಕ್ಷಣ ಸೋಸಿಯ ಕಡೆ ನೋಡಿದ. ಆಮೇಲೆ ಮುದುಕಿಯ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದ: "ಅಮ್ಮಾ, ಅಂದ್ರೆ ಬದುಕಿ ಉಳಿದ ನೀವೇ ಹೇಳ್ತಿದ್ದೀರಿ, ಈಗ ಬೇಡ ಅಂತ. ಇದನ್ನ ನಾನು ವಾಷಿಂಗ್ಟನ್ನಿನಲ್ಲಿ ಹೇಳಬಹುದಾ?"

"ಹೇಳಪ್ಪ, ಏನ್ ಬೇಕಾದ್ರೂ ಹೇಳು. ಮೊದ್ಲು ಊಟ ಮಾಡು."

ಸಹಾಯಕಿ ಪುಸ್ತಕ ತೆರೆದು ಬರೆದುಕೊಳ್ಳತೊಡಗಿದಳು. ಮಕ್ರುಹಿ ಎಂಬ ಹೆಸರನ್ನು ಹೇಗೆ ಬರೆಯುವುದೆಂದು ಪಾದ್ರಿಯನ್ನು ಕೇಳಿದಳು. ಪೆನ್ನು ಓಡುವುದನ್ನೇ ಸೋಸಿ ನೋಡಿದಳು. ಐದರ ಪಕ್ಕದಲ್ಲಿ ಆರನೆಯ ಮಾತು ಬೀಳುತ್ತಿತ್ತು, ಅದೂ ಸುಳ್ಳು. ಇನ್ನು ಮುಂದೆ ಯಾವನೇ ಆಗಲಿ ಆ ಐದನ್ನು ಎತ್ತಿದರೆ, ಇನ್ನೊಬ್ಬ ಈ ಆರನೆಯದನ್ನು ಎತ್ತುತ್ತಾನೆ. ಲೆವೋನ್, ನನ್ನ ಬಂಗಾರ, ನನ್ನನ್ನು ಕ್ಷಮಿಸು ಎಂದುಕೊಂಡಳು.

"ಅದನ್ನ ಹೊಡೆದುಹಾಕಿ" ಎಂದಳು. ಪೆನ್ನು ನಿಲ್ಲಲಿಲ್ಲ. ಇನ್ನೊಮ್ಮೆ ಹೇಳಿದಳು. "ಅತ್ತೆ ಹೇಳಿದ್ದು ಸುಳ್ಳು. ಕಾಗದ ಬರೆದವಳು ನಾನು. ಸಹಿ ನನ್ನದಿದೆ, ಸಾಹೇಬರಿಗೂ ಗೊತ್ತು. ಅತ್ತೆ ಬಾಯಲ್ಲಿ ಆ ಮಾತು ಹಾಕಬೇಡಿ."

ಹಾಸ್ಕಿನ್ಸ್ ನೆಲ ನೋಡಿದ. ಸಹಾಯಕಿ ಅವನ ಮುಖ ನೋಡಿ, ಬರೆದದ್ದರ ಮೇಲೆ ಗೀಟು ಎಳೆದಳು. "ಊಟ ಮಾಡ್ಕೊಂಡು ಹೋಗಿ" ಎಂದಳು ಸೋಸಿ; ಅದನ್ನು ಅವಳು ಹೇಳಲೇಬೇಕಿತ್ತು. ಆತ ಇನ್ನೊಂದು ಸಭೆಯಿದೆಯೆಂದು ತೊದಲಿ ಬಂದ ಬಾಗಿಲಿನಿಂದಲೇ ಹೋದ.

"ಕತ್ತೆ!" ಮಕ್ರುಹಿ ಮೇಜಿನ ಹತ್ತಿರ ಬಂದು ಹಲ್ಲು ಕಚ್ಚಿದಳು. "ತೊಂಬತ್ತೆಂಟರ ಮುದುಕಿನ ಇವ್ರು ಏನ್ ಕಿತ್ಕೊಳ್ತಿದ್ರು? ಬಾಯ್ ಮುಚ್ಕೊಂಡು ಬಡಿಸೋಕೆ ಆಗ್ಲಿಲ್ವಾ?"

"ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

"ನಂಗೆ ಅಕ್ಷರ ಬರಲ್ಲ. ಮುಖ ಓದೋಕೆ ಬರುತ್ತೆ."

"ಕೋಪ ಬರ್ಲಿಲ್ವಾ?"

"ಬಂತು. ಎರಡು ದಿನ ಬಂತು. ಆಮೇಲೆ ನದಿ ಹತ್ರ ಕೈ ಬಿಟ್ಟ ನಮ್ಮಮ್ಮ ಜ್ಞಾಪಕ ಬಂದ್ಲು."

ಸಾಲು ನಿಂತಲ್ಲೇ ನಿಂತಿತ್ತು. ಮೂರು ನಾಲ್ಕು ಕುಟುಂಬ ತಟ್ಟೆಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೋಟು ಹಾಕಿಕೊಳ್ಳುತ್ತಿದ್ದವು. ಸತೆನಿಗ್ ಖಾಲಿ ತಟ್ಟೆಯನ್ನು ಎದೆಗವುಚಿಕೊಂಡು ಗೋಡೆ ನೋಡುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷದ ಗೆಳತಿ. ಸೋಸಿ ಸೌಟನ್ನು ಕೊಪ್ಪರಿಗೆಯೊಳಗೆ ಬಿಟ್ಟಳು. ಮೇಲೆ ನೆಣ ಹೆಪ್ಪುಗಟ್ಟುತ್ತಿತ್ತು. ಹೊರಗೆ ಬಿಸಿಲು ದ್ರಾಕ್ಷಿತೋಟದ ಮೇಲೆ ಓರೆಯಾಗಿತ್ತು.

ಆಗ ಮಕ್ರುಹಿ ಮೇಜಿನ ಮೇಲಿಂದ ಒಂದು ತಟ್ಟೆ ತೆಗೆದುಕೊಂಡಳು. ಚರ್ಚಿನ ಊಟದಲ್ಲಿ ಅವಳು ಎಂದೂ ತಾನಾಗಿ ತಟ್ಟೆ ಎತ್ತಿಕೊಂಡವಳಲ್ಲ. ಎಲ್ಲರಿಗಿಂತ ಮೊದಲು ಅವಳಿದ್ದಲ್ಲಿಗೇ ಊಟ ಹೋಗುವುದು ರೂಢಿ. ತಟ್ಟೆಯನ್ನು ವಾಕರಿನ ಮೇಲಿಟ್ಟು, ಸತೆನಿಗ್‌ಳನ್ನು ದಾಟಿ, ಸಾಲಿನ ಪಕ್ಕದಲ್ಲೇ ಟಕ್ಕು ಟಕ್ಕೆಂದು ನಡೆಯುತ್ತ ಹೋದಳು. ಬಾಗಿಲವರೆಗೂ ಹೋಗಿ, ಎಲ್ಲರಿಗಿಂತ ಹಿಂದೆ ನಿಂತಳು.

"ಅಜ್ಜಿ, ಇದೇನಿದು, ಮುಂದೆ ಬನ್ನಿ" ಎಂದರು ಪಾದ್ರಿ ಗಾಬರಿಯಿಂದ.

"ಯಾಕೆ ಫಾದರ್? ಸಾಲಲ್ಲಿ ನಿಲ್ಲೋದು ನಂಗೆ ಹೊಸದಲ್ಲ. ನನ್ನ ಸರದಿ ಬರ್ಲಿ."

"ಕುರ್ಚಿನಾದ್ರೂ ಹಾಕ್ತೀವಿ."

"ಕೂತ್ರೆ ಸಾಲು ಹೆಂಗಾಗುತ್ತೆ?"

ಯಾರೋ ತಟ್ಟೆ ಇಸಿದುಕೊಳ್ಳಲು ಕೈ ಚಾಚಿದರು, ಅವಳು ಕೊಡಲಿಲ್ಲ. ಕೋಟು ತೊಟ್ಟವರು ಅವಳನ್ನು ದಾಟಿ ಬಾಗಿಲು ತೆಗೆಯಲಾರದೆ ಅಲ್ಲೇ ನಿಂತರು. ಮೊಣಕಾಲು ನಡುಗಿ ವಾಕರು ನೆಲಕ್ಕೆ ತಟತಟ ಬಡಿಯುತ್ತಿತ್ತು. ಅವಳಿಗೂ ಕೊಪ್ಪರಿಗೆಗೂ ನಡುವೆ ಎಂಬತ್ತು ಖಾಲಿ ತಟ್ಟೆಗಳಿದ್ದವು.

ಸತೆನಿಗ್ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು. ತಟ್ಟೆ ಮುಂದೆ ಚಾಚಿದಳು. ಸೋಸಿಯ ಮುಖ ಮಾತ್ರ ನೋಡಲಿಲ್ಲ.

"ಹಾಕೇ, ಬೇಗ ಹಾಕು" ಎಂದಳು ಕುಪಿತ ದನಿಯಲ್ಲಿ. "ಮುದುಕಿ ನಿಂತಿದ್ದಾಳೆ, ಕಾಣಲ್ವಾ?"

ಸೋಸಿ ಹಾಕಿದಳು. ಸತೆನಿಗ್ ಪಕ್ಕಕ್ಕೆ ಸರಿದು, ನಿಂತಲ್ಲೇ ಒಂದು ತುತ್ತು ಬಾಯಿಗಿಟ್ಟಳು. ಎರಡನೆಯ ತಟ್ಟೆ ಬಂತು. ಮೂರನೆಯದು ಬಂತು. ಕಿಟಕಿಯ ಕಟ್ಟೆಯಿಂದ ಒಬ್ಬಾತ ತನ್ನ ತಟ್ಟೆಯನ್ನು ಮತ್ತೆ ಎತ್ತಿಕೊಂಡು ಸಾಲಿಗೆ ಸೇರಿದ. ಸಾಲು ಒಂದು ಹೆಜ್ಜೆ ಮುಂದಕ್ಕೆ ಸರಿಯಿತು, ಅದರ ತುದಿಯಲ್ಲಿ ಮಕ್ರುಹಿ ವಾಕರನ್ನು ಎತ್ತಿ ಒಂದು ಹೆಜ್ಜೆ ಮುಂದಕ್ಕಿಟ್ಟಳು.